ಅರ್ಧ ಊರು ಹೊರಗಿನಿಂದ ಬಂದದ್ದು: ಟೊರಾಂಟೊ ಮತ್ತು ವಲಸೆಯ ಲೆಕ್ಕ

ಕೆನಡಾದ 2021ರ ಜನಗಣತಿಯ ಪ್ರಕಾರ ಟೊರಾಂಟೊ ಮಹಾನಗರ ಪ್ರದೇಶದ ನಿವಾಸಿಗಳಲ್ಲಿ ಶೇ 46.6ರಷ್ಟು ಜನ ಬೇರೆ ದೇಶಗಳಿಂದ ವಲಸೆ ಬಂದು ನೆಲೆಸಿದವರು. ಓದಲು ಬಂದವರನ್ನೂ ತಾತ್ಕಾಲಿಕ ಕೆಲಸದ ಪರ್ಮಿಟ್ ಹಿಡಿದು ಬಂದವರನ್ನೂ ಸೇರಿಸಿಕೊಂಡರೆ, ಸುಮಾರು ಅರ್ಧ ಊರಿನ ಹುಟ್ಟೂರು ಬೇರೆಲ್ಲೋ ಇದೆ. ಇಡೀ ಕೆನಡಾದಲ್ಲಿ ಈ ಪ್ರಮಾಣ ಶೇ 23. 2016ರಿಂದ 2021ರ ನಡುವೆ ಆ ದೇಶಕ್ಕೆ ಹೊಸದಾಗಿ ಬಂದು ನೆಲೆಸಿದವರಲ್ಲಿ ಶೇ 18.6ರಷ್ಟು ಮಂದಿ ಭಾರತದಲ್ಲಿ ಹುಟ್ಟಿದವರು; ಬೇರೆ ಯಾವ ದೇಶವೂ ಅದರ ಹತ್ತಿರ ಬರುವುದಿಲ್ಲ. ಟೊರಾಂಟೊ ಮಹಾನಗರ ಪಾಲಿಕೆಯ ಧ್ಯೇಯವಾಕ್ಯದ ಸಾರವೇ ವೈವಿಧ್ಯ ನಮ್ಮ ಬಲ ಎಂಬುದು. ಬೀದಿದೀಪ ಕೆಟ್ಟಿದೆ, ಕಸ ಎತ್ತಿಲ್ಲ ಎಂದು ದೂರು ಕೊಡಲು 311ಕ್ಕೆ ಕರೆ ಮಾಡಿದರೆ ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ದುಭಾಷಿಯ ನೆರವು ಸಿಗುತ್ತದೆ.

ಇಂಥ ಊರಿನ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡೇ ತರಹ. ಒಂದು, ಅಲ್ಲಿನ ಗಣೇಶೋತ್ಸವ, ದೀಪಾವಳಿ, ಮಸಾಲೆದೋಸೆಯ ವರ್ಣನೆ. ಇನ್ನೊಂದು, ಹಿಮದಲ್ಲಿ ಒಂಟಿಯಾಗಿ ಊರು ನೆನೆದು ಕೊರಗುವ ಕಥೆ. ಎರಡರಲ್ಲೂ ಸುಳ್ಳಿಲ್ಲ, ಆದರೆ ಎರಡರಲ್ಲೂ ವಿಷಯದ ತಿರುಳಿಲ್ಲ. ನನಗೆ ಕಾಣುವಂತೆ ಟೊರಾಂಟೊ ತನ್ನ ವಲಸಿಗರ ಊಟ, ಹಬ್ಬ, ಭಾಷೆಗಳ ವಿಷಯದಲ್ಲಿ ತೋರಿದ ಧಾರಾಳವನ್ನು ಅವರ ವಿದ್ಯೆ, ದುಡಿಮೆಗಳ ವಿಷಯದಲ್ಲಿ ತೋರಿಲ್ಲ. ಹಾಗೆಯೇ, ಫೋನು ದೂರವನ್ನು ಎಷ್ಟೇ ಕಡಿಮೆ ಮಾಡಿದರೂ ಗಡಿ ಮಾತ್ರ ಇದ್ದಲ್ಲೇ ಇದೆ.

ಮೊದಲು ಸ್ವಲ್ಪ ಇತಿಹಾಸ. ಕೆನಡಾ ಹುಟ್ಟಿನಿಂದಲೇ ಉದಾರಿ ಎಂಬ ನಂಬಿಕೆ ಬಲವಾಗಿದೆ, ದಾಖಲೆ ಬೇರೆಯದನ್ನೇ ಹೇಳುತ್ತದೆ. ಖಂಡದ ಆಚೆ ತುದಿಗೆ ಹೋಗುವ ರೈಲು ಹಳಿಯನ್ನು ಸಾವಿರಾರು ಚೀನೀ ಕೂಲಿಗಳಿಂದ ಹಾಕಿಸಿಕೊಂಡು, ಕೆಲಸ ಮುಗಿದ 1885ರಲ್ಲೇ ಚೀನೀಯರ ಮೇಲೆ 50 ಡಾಲರ್ ತಲೆಗಂದಾಯ ಹಾಕಿದರು. 1903ರ ಹೊತ್ತಿಗೆ ಅದು 500 ಡಾಲರ್ ಆಯಿತು. 1923ರಲ್ಲಿ ಚೀನೀಯರಿಗೆ ಬಾಗಿಲನ್ನೇ ಮುಚ್ಚಿ, 1947ರಲ್ಲಿ ತೆರೆದರು. ಭಾರತೀಯರನ್ನು ಹಾಗೆ ನೇರವಾಗಿ ತಡೆಯುವಂತಿರಲಿಲ್ಲ, ಅವರೂ ಬ್ರಿಟಿಷ್ ಪ್ರಜೆಗಳೇ. ಅದಕ್ಕೆ 1908ರಲ್ಲಿ ಒಂದು ಉಪಾಯ ಹೂಡಿದರು: ಹುಟ್ಟಿದ ಅಥವಾ ಪೌರತ್ವವಿರುವ ದೇಶದಿಂದ ಎಲ್ಲೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ಬರುವ ಹಡಗೇ ಇರಲಿಲ್ಲ. 1914ರ ಮೇ ತಿಂಗಳಲ್ಲಿ ಗುರ್ದಿತ್ ಸಿಂಗ್ ಬಾಡಿಗೆಗೆ ಹಿಡಿದ ಕೊಮಗಾಟ ಮಾರು ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಎರಡು ತಿಂಗಳು ಬಂದರಿನಲ್ಲೇ ನಿಂತು, ಕೆಲವರನ್ನು ಬಿಟ್ಟು ಉಳಿದೆಲ್ಲರೊಂದಿಗೆ ಹಿಂದಿರುಗಿತು. ಕೋಲ್ಕತ್ತದ ಸಮೀಪ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷ್ ಪೊಲೀಸರು ಗುಂಡು ಹಾರಿಸಿದರು. ಕೆನಡಾದ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2016ರಲ್ಲಿ, ನೂರೆರಡು ವರ್ಷಗಳ ನಂತರ.

ಬಾಗಿಲು ನಿಜವಾಗಿ ತೆರೆದದ್ದು 1967ರಲ್ಲಿ. ಆ ವರ್ಷ ಬಂದ ಅಂಕ ಪದ್ಧತಿಯಲ್ಲಿ ಅರ್ಜಿದಾರನ ಬಣ್ಣ, ದೇಶಗಳನ್ನು ಬಿಟ್ಟು ಓದು, ವಯಸ್ಸು, ಭಾಷೆ, ಕಸುಬುಗಳಿಗೆ ಅಂಕ ಕೊಡತೊಡಗಿದರು. ಇದನ್ನು ಬರೀ ಔದಾರ್ಯವೆಂದು ಓದಬೇಕಾಗಿಲ್ಲ. ಯುದ್ಧದ ಪೆಟ್ಟಿನಿಂದ ಚೇತರಿಸಿಕೊಂಡಿದ್ದ ಯುರೋಪಿನಿಂದ ಕುಶಲಕರ್ಮಿಗಳು ಮೊದಲಿನಂತೆ ಬರುತ್ತಿರಲಿಲ್ಲ, ಕೆನಡಾಕ್ಕೆ ಕೆಲಸದವರು ಬೇಕಿತ್ತು. 1971ರ ಅಕ್ಟೋಬರ್‌ನಲ್ಲಿ ಪ್ರಧಾನಿ ಪಿಯರ್ ಟ್ರುಡೊ ಬಹುಸಂಸ್ಕೃತಿಯನ್ನು ದೇಶದ ನೀತಿಯೆಂದು ಸಂಸತ್ತಿನಲ್ಲಿ ಘೋಷಿಸಿದರು. 1988ರಲ್ಲಿ ಅದೇ ಕಾಯ್ದೆಯಾಯಿತು. ಅಂದರೆ ಜನ ಬಂದದ್ದು ಮೊದಲು, ನೀತಿ ಬಂದದ್ದು ಆಮೇಲೆ.

ಟೊರಾಂಟೊದ ಬೀದಿಗಳಲ್ಲಿ ಈ ವಲಸೆಯ ಪದರಗಳು ಇನ್ನೂ ಕಾಣುತ್ತವೆ. ಕೆನ್ಸಿಂಗ್ಟನ್ ಮಾರ್ಕೆಟ್ ನೂರು ವರ್ಷಗಳ ಹಿಂದೆ ಯಹೂದಿಗಳ ಸಂತೆ. ಅವರು ಒಂದಿಷ್ಟು ಕಾಸು ಮಾಡಿಕೊಂಡು ಉತ್ತರದ ಬಡಾವಣೆಗಳಿಗೆ ಹೋದ ಮೇಲೆ ಪೋರ್ಚುಗೀಸರು ಬಂದರು, ಆಮೇಲೆ ಕೆರಿಬಿಯನ್ ದ್ವೀಪದವರು, ಚೀನೀಯರು. ಕಾಲೇಜ್ ಸ್ಟ್ರೀಟಿನಲ್ಲಿ ಇಟಲಿಯವರು ನೆಲೆ ನಿಂತರು. ಯುದ್ಧಾನಂತರದ ಟೊರಾಂಟೊವನ್ನು ಅಗೆದು ಕಟ್ಟಿದ ಕೈಗಳಲ್ಲಿ ಅವರದ್ದೇ ದೊಡ್ಡ ಪಾಲು. 1960ರ ಮಾರ್ಚ್ 17ರಂದು ಹಾಗ್ಸ್ ಹಾಲೋ ಎಂಬಲ್ಲಿ ನೀರಿನ ಕೊಳವೆಗಾಗಿ ನೆಲದಡಿ ಸುರಂಗ ತೋಡುತ್ತಿದ್ದ ಐವರು ಇಟಾಲಿಯನ್ ಕೆಲಸಗಾರರು ಬೆಂಕಿ ಬಿದ್ದು, ಹೊಗೆಗೆ ಸಿಕ್ಕಿ ಒಳಗೇ ಸತ್ತರು. ಸುರಕ್ಷತೆಯ ಕನಿಷ್ಠ ಏರ್ಪಾಡೂ ಅಲ್ಲಿರಲಿಲ್ಲ. ಊರು ಕೆರಳಿತು, ಒಂಟಾರಿಯೊ ಪ್ರಾಂತ್ಯದ ಕಾರ್ಮಿಕ ಸುರಕ್ಷತೆಯ ಕಾನೂನು ಬಿಗಿಯಾಯಿತು. ವಲಸಿಗರಿಂದ ಊರಿಗೆ ಏನು ಸಿಕ್ಕಿತು ಎಂದು ಕೇಳಿದರೆ ಹೆಚ್ಚಿನವರು ಪಿಜ್ಜಾ, ಬಿರಿಯಾನಿಗಳ ಪಟ್ಟಿ ಕೊಡುತ್ತಾರೆ. ಇವತ್ತು ಅಲ್ಲಿನ ಕೂಲಿಕಾರನಿಗಿರುವ ರಕ್ಷಣೆಯಲ್ಲೂ ಆ ಐವರ ಪಾಲಿದೆ.

ನಮ್ಮ ಕಡೆಯವರ ಬೀದಿ ಜೆರಾರ್ಡ್ ಸ್ಟ್ರೀಟ್. 1972ರಲ್ಲಿ ಅಲ್ಲಿನ ಹಳೆಯ ಚಿತ್ರಮಂದಿರವೊಂದನ್ನು ಹಿಡಿದು ನಾಜ್ ಥಿಯೇಟರ್ ಶುರುವಾಯಿತು. ಹಿಂದಿ ಸಿನಿಮಾ ಹಾಕಿದರು. ದೂರದೂರದಿಂದ ಸಿನಿಮಾ ನೋಡಲು ಬಂದವರಿಗೆ ಊಟ ಬೇಕು, ಸಾಮಾನು ಬೇಕು, ಸೀರೆ ಬೇಕು. ಥಿಯೇಟರಿನ ಸುತ್ತ ಅಂಗಡಿಗಳೆದ್ದವು. ಲಾಹೋರಿನವರ ಕಬಾಬ್ ಅಂಗಡಿ, ಅಮೃತಸರದವರ ಸಿಹಿ ಅಂಗಡಿ ಒಂದೇ ಸಾಲಿನಲ್ಲಿ ಬಂದದ್ದು ಹೀಗೆ. 1947ರಲ್ಲಿ ಎಳೆದ ಗಡಿಯ ಎರಡೂ ಬದಿಯವರು ಒಂದೇ ಫುಟ್‌ಪಾತಿನಲ್ಲಿ ಪಂಜಾಬಿ ಮಾತಾಡಿಕೊಂಡು ವ್ಯಾಪಾರ ಮಾಡಿದರು. ವಾಘಾದಲ್ಲಿ ಇದು ಆಗುವ ಮಾತೇ?

ಕನ್ನಡಿಗರಿಗೆ ಅಲ್ಲಿ ಇಂಥ ಬೀದಿಯಿಲ್ಲ. ಸಂಖ್ಯೆ ಕಡಿಮೆ ಎನ್ನುವುದು ಒಂದು ಕಾರಣವಷ್ಟೇ. ಗಡಿ ದಾಟಿದ ಬಗೆ ಯಾವುದು ಎಂಬುದರ ಮೇಲೆ ಕೇರಿ ಹುಟ್ಟುತ್ತದೋ ಇಲ್ಲವೋ ನಿಂತಿದೆ. 1983ರ ಹಿಂಸಾಚಾರದ ನಂತರ ಶ್ರೀಲಂಕಾದ ತಮಿಳರು ಜೀವ ಉಳಿಸಿಕೊಳ್ಳಲು ಬಂದರು. 1986ರ ಆಗಸ್ಟಿನಲ್ಲಿ 155 ತಮಿಳರು ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಎರಡು ಜೀವರಕ್ಷಕ ದೋಣಿಗಳಲ್ಲಿ ತೇಲುತ್ತಿದ್ದಾಗ ಮೀನುಗಾರರ ಕಣ್ಣಿಗೆ ಬಿದ್ದರು. ಹೀಗೆ ಬಂದವರು ಒಬ್ಬರ ಹಿಂದೆ ಒಬ್ಬರು ಒಂದೇ ಕಡೆ ಸೇರಿಕೊಳ್ಳುತ್ತಾರೆ. ಸ್ಕಾರ್ಬರೊ ಇವತ್ತು ತಮಿಳು ಅಂಗಡಿ, ತಮಿಳು ಪತ್ರಿಕೆ, ದೇವಸ್ಥಾನಗಳ ಪ್ರದೇಶ. ಅಲ್ಲಿಂದ ಗೆದ್ದ ಗ್ಯಾರಿ ಆನಂದಸಂಗರಿ ಕೇಂದ್ರ ಸಚಿವರಾದರು. ಕನ್ನಡಿಗರು ಬಹುಪಾಲು ಅಂಕ ಪದ್ಧತಿಯ ಮೂಲಕ ಒಬ್ಬೊಬ್ಬರಾಗಿ, ಐಟಿ ಕೆಲಸಕ್ಕೋ ಉನ್ನತ ವ್ಯಾಸಂಗಕ್ಕೋ ಹೋದವರು. ಕೆಲಸ ಸಿಕ್ಕಲ್ಲಿ ಮನೆ ಮಾಡಿದರು. ಹಾಗಾಗಿ ಯುಗಾದಿ, ರಾಜ್ಯೋತ್ಸವಗಳಿಗೆ ಸಭಾಂಗಣ ಬಾಡಿಗೆ ಹಿಡಿದು ಸೇರಬೇಕು. ಶಿರಾ ತಾಲ್ಲೂಕಿನಲ್ಲಿ ಹುಟ್ಟಿ ಒಟ್ಟಾವದ ನೇಪಿಯನ್ ಕ್ಷೇತ್ರದಿಂದ ಗೆದ್ದಿದ್ದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾವಿಲ್ಲಿ ಆ ವಿಡಿಯೊವನ್ನು ಹಂಚಿಕೊಂಡು ಸಂಭ್ರಮಿಸಿದೆವು. ಸಂಭ್ರಮಿಸಬೇಕಾದದ್ದೇ. ಆದರೆ ಒಂದು ಭಾಷೆ ಪರದೇಶದಲ್ಲಿ ಎರಡನೇ ತಲೆಮಾರಿಗೆ ದಾಟಲು ಒಂದು ಭಾಷಣ ಸಾಲದು, ದಿನನಿತ್ಯ ಕಿವಿಗೆ ಬೀಳುವ ಕೇರಿಯೊಂದು ಬೇಕು.

ಈಗ ಹೊಸಬರು ಊರ ನಡುವಿಗೆ ಬರುವುದೇ ಇಲ್ಲ, ಅಲ್ಲಿನ ಬಾಡಿಗೆ ಕೈಗೆಟಕುವುದಿಲ್ಲ. ವಿಮಾನ ಇಳಿದವರು ನೇರ ಬ್ರಾಂಪ್ಟನ್, ಮಿಸ್ಸಿಸಾಗ, ಸ್ಕಾರ್ಬರೊ ಕಡೆ ಹೋಗುತ್ತಾರೆ. 2021ರ ಜನಗಣತಿಯಲ್ಲಿ ಬ್ರಾಂಪ್ಟನ್ನಿನ ಆರೂವರೆ ಲಕ್ಷ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ದಕ್ಷಿಣ ಏಷ್ಯಾ ಮೂಲದವರು. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಹುಲ್ಚಾನ್ಸ್ಕಿ ಈ ಚಲನೆಯನ್ನು ಲೆಕ್ಕ ಹಾಕಿ ತೋರಿಸಿದ್ದಾರೆ: 1970ರಲ್ಲಿ ಟೊರಾಂಟೊದ ಶೇ 66ರಷ್ಟು ಬಡಾವಣೆಗಳು ಮಧ್ಯಮ ಆದಾಯದವು, 2005ಕ್ಕೆ ಶೇ 29 ಮಾತ್ರ. ನಡು ಊರು ಮತ್ತು ನೆಲದಡಿಯ ಸಬ್‌ವೇ ರೈಲಿನ ಸುತ್ತಮುತ್ತ ಸಿರಿವಂತರು. ಬಡತನವೆಲ್ಲ ಈಶಾನ್ಯ, ವಾಯವ್ಯದ ಅಂಚುಗಳಿಗೆ ಸರಿಯಿತು. ಬಸ್ಸಿಗೆ ಹಿಮದಲ್ಲಿ ಕಾಯಬೇಕಾದ ಆ ಅಂಚುಗಳಲ್ಲೇ ವಲಸಿಗರು ಹೆಚ್ಚಾಗಿರುವುದು.

ಅಂಥ ಒಂದು ಜಾಗ ಥಾರ್ನ್‌ಕ್ಲಿಫ್ ಪಾರ್ಕ್. ಅಲ್ಲಿನ ಬಹುಮಹಡಿ ಕಟ್ಟಡಗಳು ಮುಖ್ಯವಾಗಿ 1960ರ ದಶಕದವು; ಕಾರು ಇಟ್ಟುಕೊಂಡ ಚಿಕ್ಕ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದು. ಈಗ ಪಾಕಿಸ್ತಾನ, ಆಫ್ಘಾನಿಸ್ತಾನ, ಭಾರತದಿಂದ ಬಂದ ಕುಟುಂಬಗಳು ಅಲ್ಲಿ ತುಂಬಿವೆ. ಕಟ್ಟಡಗಳ ನಡುವಿನ ಆರ್.ವಿ. ಬರ್ಗೆಸ್ ಪಾರ್ಕ್ ಪಾಳುಬಿದ್ದಂತಿತ್ತು. ಮಕ್ಕಳನ್ನು ಆಡಿಸಲು ಬರುತ್ತಿದ್ದ ಹೆಂಗಸರು ಒಂದು ಸಮಿತಿ ಮಾಡಿಕೊಂಡರು. ಬೇಸಿಗೆಯ ಶುಕ್ರವಾರಗಳಲ್ಲಿ ಪಾರ್ಕಿನಲ್ಲೇ ಸಂತೆ ಹೂಡಿದರು: ಬಟ್ಟೆ, ಬಳೆ, ಮನೆಯಲ್ಲಿ ಮಾಡಿದ ತಿಂಡಿ. ಆಮೇಲೆ ಒಂದು ತಂದೂರಿ ಒಲೆ ಬೇಕು ಅಂದರು. ಸಾರ್ವಜನಿಕ ಉದ್ಯಾನದಲ್ಲಿ ಬೆಂಕಿಯ ಒಲೆ! ಪಾಲಿಕೆಯವರೊಂದಿಗೆ ಮತ್ತೆ ಮತ್ತೆ ಮಾತಾಡಿ, 2013ರಲ್ಲಿ ಒಲೆ ಬಂದೇಬಿಟ್ಟಿತು. ಉತ್ತರ ಅಮೆರಿಕದ ಸಾರ್ವಜನಿಕ ಉದ್ಯಾನದಲ್ಲಿ ಅದೇ ಮೊದಲ ತಂದೂರ್ ಎನ್ನುತ್ತಾರೆ. ಕಣಕದ ಉಂಡೆಯನ್ನು ಅಂಗೈಯಲ್ಲಿ ತಟ್ಟಿ ಒಲೆಯ ಒಳಗೋಡೆಗೆ ಬಡಿದು ಅಂಟಿಸುವಾಗ ಸುತ್ತ ನಿಂತವರು ಬೇರೆ ಬೇರೆ ದೇಶದವರು. ರೊಟ್ಟಿ ಬೇಯುವಷ್ಟು ಹೊತ್ತು ಮಾತಾಡದೆ ನಿಲ್ಲುವುದು ಕಷ್ಟ. ಬಹುಸಂಸ್ಕೃತಿಯ ಬಗ್ಗೆ ಸರ್ಕಾರ ಖರ್ಚುಮಾಡುವ ಎಷ್ಟೋ ಕಾರ್ಯಕ್ರಮಗಳಿಗಿಂತ ಈ ಒಂದು ಒಲೆಯ ಕೆಲಸ ದೊಡ್ಡದು. ಮನೆಯಿಂದಾಚೆ ಗುರುತಿನವರೇ ಇಲ್ಲದ ಹೆಂಗಸರು ಇಲ್ಲಿ ತಾವೇ ಪಾಲಿಕೆಯ ಜೊತೆ ವ್ಯವಹರಿಸಲು ಕಲಿತರು.

ಇಷ್ಟೆಲ್ಲ ಒಳ್ಳೆಯ ಮಾತು ಹೇಳಿದ ಮೇಲೆ ಕೆಲಸದ ವಿಷಯಕ್ಕೆ ಬರಬೇಕು. ಗಂಟು ಇರುವುದು ಅಲ್ಲೇ. ಒಬ್ಬರನ್ನು ದೇಶದೊಳಗೆ ಬಿಟ್ಟುಕೊಳ್ಳುವಾಗ ಅವರ ಪದವಿಗೆ ಅಂಕ ಕೊಡುವುದು ಕೇಂದ್ರ ಸರ್ಕಾರ. ಆ ಪದವಿಯ ಮೇಲೆ ಕೆಲಸ ಮಾಡಲು ಲೈಸೆನ್ಸ್ ಕೊಡುವುದು ಪ್ರಾಂತ್ಯದ ಕಾನೂನಿನಡಿ ಇರುವ ವೃತ್ತಿ ಮಂಡಳಿ. ಮೊದಲನೆಯದು ಹೌದು ಅಂದದ್ದಕ್ಕೆ ಎರಡನೆಯದು ತಲೆಯಾಡಿಸಬೇಕಾಗಿಲ್ಲ. ನಮ್ಮ ಹುಡುಗರು ಟ್ರಾನ್ಸ್‌ಕ್ರಿಪ್ಟಿಗಾಗಿ ಇಲ್ಲಿನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಅಲೆದು, ಮೊಹರು ಹಾಕಿದ ಲಕೋಟೆ ಕಳಿಸಿ, ಪದವಿ ಕೆನಡಾದ ಪದವಿಗೆ ಸಮಾನ ಎಂಬ ವರದಿ ತರಿಸಿಕೊಳ್ಳುತ್ತಾರೆ. ಆ ವರದಿ ಕಾಯಂ ನಿವಾಸದ (ಪಿಆರ್) ಅರ್ಜಿಗೆ ಸಾಕು. ವೈದ್ಯರಿಗೆ, ದಾದಿಯರಿಗೆ, ಶಿಕ್ಷಕರಿಗೆ, ವಕೀಲರಿಗೆ ಅದು ಮೊದಲ ಮೆಟ್ಟಿಲೂ ಅಲ್ಲ. ಹೊರಗೆ ಓದಿದ ವೈದ್ಯರು ಪರೀಕ್ಷೆಗಳನ್ನು ಪಾಸು ಮಾಡಿದರೂ ರೆಸಿಡೆನ್ಸಿ ತರಬೇತಿಯ ಸೀಟು ಸಿಗಬೇಕು, ಆ ಸೀಟುಗಳು ಅರ್ಜಿದಾರರಿಗಿಂತ ತೀರಾ ಕಡಿಮೆ. ಒಂದು ಕಡೆ ಮನೆಯ ಡಾಕ್ಟರ್ ಸಿಗದೆ ಲಕ್ಷಾಂತರ ಜನ ಪರದಾಡುತ್ತಾರೆ, ಇನ್ನೊಂದು ಕಡೆ ಹತ್ತು ವರ್ಷ ರೋಗಿಗಳನ್ನು ನೋಡಿದವರು ಟ್ಯಾಕ್ಸಿ ಓಡಿಸುತ್ತಾರೆ. ಟೊರಾಂಟೊದ ಟ್ಯಾಕ್ಸಿ ಡಾಕ್ಟರ್ ಎಂಬುದು ಅಲ್ಲಿ ಹಳಸಿದ ಜೋಕು. ಸಂಬಂಧಪಟ್ಟವರಿಗೆ ನಗು ಬರುವಂಥದ್ದಲ್ಲ.

ಲೈಸೆನ್ಸ್ ಬೇಡದ ಕೆಲಸಗಳಲ್ಲಿ ಅಡ್ಡ ಬರುತ್ತಿದ್ದದ್ದು ‘ಕೆನಡಿಯನ್ ಎಕ್ಸ್‌ಪೀರಿಯನ್ಸ್’. ಇಲ್ಲಿ ಕೆಲಸ ಮಾಡಿದ ಅನುಭವ ಇದ್ದರೆ ಕೆಲಸ ಕೊಡುತ್ತೇವೆ. ಕೆಲಸ ಸಿಗದೆ ಅನುಭವ ಎಲ್ಲಿಂದ ಬರಬೇಕು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಗಾದೆಯೇ ಸರಿ. ಟೊರಾಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೋಸ್ ಇದನ್ನು ಪರೀಕ್ಷೆಗೆ ಒಡ್ಡಿದರು. ಸಾವಿರಾರು ಕಾಲ್ಪನಿಕ ರೆಸ್ಯೂಮೆಗಳನ್ನು ಕಂಪನಿಗಳಿಗೆ ಕಳಿಸಿದರು. ಕೆನಡಾದಲ್ಲೇ ಓದಿ, ಕೆನಡಾದಲ್ಲೇ ಕೆಲಸ ಮಾಡಿದ ವಿವರಗಳಿದ್ದರೂ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರಿನ ಅರ್ಜಿಗಳಿಗಿಂತ ಇಂಗ್ಲಿಷ್ ಹೆಸರಿನ ಅರ್ಜಿಗಳಿಗೆ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು ಕರೆ ಬಂದವು. ಭಾಷೆ ಬರುವುದೋ ಇಲ್ಲವೋ ಎಂಬ ಅನುಮಾನವಂತೆ, ಕಂಪನಿಯವರ ಸಮಜಾಯಿಷಿ.

ಬದಲಾವಣೆ ಆಗಿಯೇ ಇಲ್ಲ ಎಂದಲ್ಲ. ಸ್ಥಳೀಯ ಅನುಭವವನ್ನೇ ಕಡ್ಡಾಯ ಮಾಡುವುದು ಮೇಲ್ನೋಟಕ್ಕೇ ತಾರತಮ್ಯ ಎಂದು ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. 2023ರಲ್ಲಿ ಪ್ರಾಂತ್ಯದ ಎಂಜಿನಿಯರುಗಳ ಮಂಡಳಿ ಆ ಷರತ್ತನ್ನು ಕೈಬಿಟ್ಟಿತು. 2026ರ ಜನವರಿಯಿಂದ ಕೆಲಸದ ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲ ಎಂದು ಒಂಟಾರಿಯೊ ಕಾನೂನು ಮಾಡಿದೆ. 1967ರಿಂದ ಲೆಕ್ಕ ಹಾಕಿದರೆ ಇಷ್ಟಕ್ಕೇ ಸುಮಾರು ಅರುವತ್ತು ವರ್ಷ ಹಿಡಿಯಿತು. ಜಾಹೀರಾತಿನಲ್ಲಿ ಬರೆಯದಿದ್ದರೂ ಸಂದರ್ಶನ ಮಾಡುವವರ ಮನಸ್ಸಿನಲ್ಲಿರುವುದನ್ನು ಯಾವ ಕಾನೂನು ತೆಗೆದೀತು?

ವಿದ್ಯಾರ್ಥಿಗಳ ಕಥೆ ಇನ್ನೂ ಕಹಿ. 2019ರಲ್ಲಿ ಒಂಟಾರಿಯೊ ಸರ್ಕಾರ ಸ್ಥಳೀಯ ವಿದ್ಯಾರ್ಥಿಗಳ ಶುಲ್ಕವನ್ನು ಶೇ 10 ಇಳಿಸಿ ಅಲ್ಲಿಗೇ ನಿಲ್ಲಿಸಿತು. ಖಾಲಿಯಾದ ಬೊಕ್ಕಸ ತುಂಬಲು ಕಾಲೇಜುಗಳು ಹಲವು ಪಟ್ಟು ಶುಲ್ಕ ಕೊಡುವ ವಿದೇಶಿ ವಿದ್ಯಾರ್ಥಿಗಳ ಕಡೆ ತಿರುಗಿದವು. ಪಂಜಾಬಿನಿಂದ ಹೊಲ ಅಡವಿಟ್ಟು ಹುಡುಗರು ಬಂದರು. ಗುಜರಾತ್, ಆಂಧ್ರ, ತೆಲಂಗಾಣ, ನಮ್ಮ ಕಡೆಯಿಂದಲೂ ಬಂದರು. ಒಂದೊಂದು ಬೇಸ್‌ಮೆಂಟಿನಲ್ಲಿ ಹಾಸಿಗೆ ಲೆಕ್ಕದಲ್ಲಿ ಬಾಡಿಗೆ, ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ. ಬಾಡಿಗೆ ಏರಿದಾಗ ಊರು ಬೊಟ್ಟು ಮಾಡಿದ್ದು ಇವರ ಕಡೆಗೇ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿ ಆ ವರ್ಷಕ್ಕೆ ಸುಮಾರು 3.6 ಲಕ್ಷಕ್ಕೆ ಇಳಿಸಿತು, ಹಿಂದಿನ ವರ್ಷಕ್ಕಿಂತ ಶೇ 35 ಕಡಿಮೆ. ಅದೇ ವರ್ಷದ ಅಕ್ಟೋಬರಿನಲ್ಲಿ 2025ರ ಪಿಆರ್ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ತಗ್ಗಿಸಿದರು. ಶುಲ್ಕ ಬೇಕಿದ್ದಾಗ ಕರೆದು, ಮನೆ ಸಾಲದಾದಾಗ ದೂರಿದರು ಎಂದರೆ ತಪ್ಪಿಲ್ಲ. ಇದರಲ್ಲಿ ಏಜೆಂಟರ ಪಾಲೂ ಇದೆ, ಏಜೆಂಟರ ಮಾತು ನಂಬಿದ ತಂದೆತಾಯಿಗಳ ಪಾಲೂ ಇದೆ.

ಇನ್ನು ಗಡಿಯಾಚೆಗಿನ ನಂಟು. 1966ರಲ್ಲಿ ಇಟಾಲಿಯನ್ ವಲಸಿಗರ ಮಗ ಜಾನಿ ಲೊಂಬಾರ್ಡಿ ಕಾಲೇಜ್ ಸ್ಟ್ರೀಟಿನಲ್ಲಿ ಚಿನ್ ರೇಡಿಯೊ ಶುರುಮಾಡಿದಾಗ ಪರಭಾಷೆಯ ಒಂದು ಹಾಡು ಕಿವಿಗೆ ಬಿದ್ದರೆ ಅದೇ ದೊಡ್ಡದು. ನೀಲಿ ಏರೋಗ್ರಾಮ್ ಬರಲು ವಾರಗಳು ಹಿಡಿಯುತ್ತಿದ್ದವು. ಆಮೇಲೆ ನಿಮಿಷ ಎಣಿಸಿ ಮಾತಾಡುವ ಕಾಲಿಂಗ್ ಕಾರ್ಡು ಬಂತು. ಈಗ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತಾದರೆ ದಾವಣಗೆರೆಯಲ್ಲಿ ಬೆಳಗಿನ ಆರೂವರೆ. ಅಮ್ಮ ಕಾಫಿಗೆ ಹಾಲು ಕಾಯಲಿಟ್ಟು ವಾಟ್ಸ್‌ಆ್ಯಪ್ ವಿಡಿಯೊ ತೆರೆಯುತ್ತಾರೆ, ಮೊಮ್ಮಗು ನಿದ್ದೆಗಣ್ಣಲ್ಲಿ ‘ಅಜ್ಜಿ’ ಅನ್ನುತ್ತದೆ. 2023ರಿಂದ ಕೆನಡಾದ ಮೊಬೈಲ್ ಸಂಖ್ಯೆಯಲ್ಲೇ ಎನ್‌ಆರ್‌ಐಗಳು ಯುಪಿಐ ಬಳಸಬಹುದು. ಊರಿನ ಕಿರಾಣಿ ಅಂಗಡಿಯ ಬಾಕಿಯನ್ನು ಮಗ ಅಲ್ಲಿಂದಲೇ ತೀರಿಸುತ್ತಾನೆ.

ಆದರೆ ಅಜ್ಜಿಗೆ ಜ್ವರ ಬಂದರೆ? ತಂದೆತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ಅರ್ಜಿ ಹಲವು ವರ್ಷಗಳಿಂದ ಲಾಟರಿಯ ಮೇಲೆ ನಿಂತಿದೆ. ಅವರು ತಾತ್ಕಾಲಿಕವಾಗಿ ಬಂದಿರಲೆಂದು 2011ರಲ್ಲಿ ಸೂಪರ್ ವೀಸಾ ತಂದರು. 2022ರಿಂದ ಅದರ ಮೇಲೆ ಒಂದು ಸಲಕ್ಕೆ ಐದು ವರ್ಷ ಇರಬಹುದು. ಮಕ್ಕಳ ಆದಾಯ ಇಷ್ಟಿರಬೇಕು, ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಬೇಕು. ಎಪ್ಪತ್ತು ದಾಟಿದವರ ವಿಮೆಯ ಕಂತನ್ನು ಯಾರಾದರೂ ಊಹಿಸಿಕೊಳ್ಳಬಹುದು. ಎಲ್ಲ ಸರಿಯಿದ್ದರೂ ಎರಡು ಸರ್ಕಾರಗಳು ಜಗಳಕ್ಕೆ ನಿಂತರೆ ಮುಗಿಯಿತು. 2023ರ ಸೆಪ್ಟೆಂಬರಿನಲ್ಲಿ ಕೆನಡಾದ ಸಿಖ್ ಪ್ರತ್ಯೇಕತಾವಾದಿ ನಿಜ್ಜರ್ ಕೊಲೆಯ ವಿಷಯದಲ್ಲಿ ಸಂಬಂಧ ಕೆಟ್ಟಾಗ ಭಾರತ ಕೆನಡಿಯನ್ನರಿಗೆ ವೀಸಾ ನಿಲ್ಲಿಸಿತು. ಅಕ್ಟೋಬರಿನಲ್ಲಿ ಕೆನಡಾ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಂಡು ಬೆಂಗಳೂರು, ಮುಂಬೈ, ಚಂಡೀಗಢ ಕಚೇರಿಗಳಲ್ಲಿ ಖುದ್ದು ಸೇವೆ ನಿಲ್ಲಿಸಿತು. ಕೆನಡಾ ಪೌರತ್ವ ಪಡೆದು, ಭಾರತೀಯ ಮೂಲದವರಿಗೆ ಸಿಗುವ ಒಸಿಐ ಕಾರ್ಡ್ ಮಾಡಿಸದೆ ಉಳಿದವರು ಊರಿನ ಸಾವಿಗೆ ಬರಲೂ ಒದ್ದಾಡಿದರು. ಇಬ್ಬಗೆ ಪೌರತ್ವವನ್ನು ಭಾರತ ಒಪ್ಪುವುದಿಲ್ಲ. ಒಸಿಐ ಕಾರ್ಡಿಗೆ ಮತದಾನದ ಹಕ್ಕಿಲ್ಲ, ಅದರ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ.

ಈ ವಲಸಿಗರು ಯಾರವರು ಎಂಬ ಪ್ರಶ್ನೆಗೆ ಅತ್ಯಂತ ಕ್ರೂರ ಉತ್ತರ ಸಿಕ್ಕಿದ್ದು 1985ರ ಜೂನ್ 23ರಂದು. ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಬಳಿ ಬಾಂಬಿಗೆ ಸಿಡಿದು 329 ಜನ ಸತ್ತರು. ಅವರಲ್ಲಿ 268 ಮಂದಿ ಕೆನಡಾ ಪ್ರಜೆಗಳು, ಟೊರಾಂಟೊದ ಕುಟುಂಬಗಳು ಅನೇಕ. ಕೆನಡಾದ ಪ್ರಧಾನಿ ಬ್ರಯಾನ್ ಮಲ್ರೋನಿ ಸಂತಾಪ ಹೇಳಲು ಫೋನು ಮಾಡಿದ್ದು ರಾಜೀವ್ ಗಾಂಧಿಗೆ. ಮನೆಯವರನ್ನು ಕಳೆದುಕೊಂಡವರು ಅವರ ಕಣ್ಣೆದುರೇ, ಅವರ ದೇಶದಲ್ಲೇ ಇದ್ದರು. ಟೊರಾಂಟೊದ ಹಂಬರ್ ಬೇ ಪಾರ್ಕಿನಲ್ಲಿ ಸ್ಮಾರಕ ಎದ್ದದ್ದು 2007ರಲ್ಲಿ.

ಒಳ್ಳೆಯದಷ್ಟೇ ಗಡಿ ದಾಟುವುದಿಲ್ಲ ಎನ್ನುವುದನ್ನೂ ಹೇಳಬೇಕು. 2023ರ ಮಾರ್ಚ್‌ನಲ್ಲಿ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿ ತನ್ನ ಶಾಲೆಗಳಲ್ಲಿ ಜಾತಿ ತಾರತಮ್ಯ ಇದೆಯೆಂದು ಗುರುತಿಸುವ ನಿರ್ಣಯ ತಂದಿತು, ಕೆನಡಾದಲ್ಲಿ ಮೊದಲ ಸಲ. ಹಿಂದೂಗಳಿಗೆ ಕಳಂಕ ಎಂದು ಕೆಲವು ಸಂಘಟನೆಗಳು ವಿರೋಧಿಸಿದವು. ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಹೋಗುತ್ತದೆಂದರೆ ಜಾತಿ ಹೋಗುವುದಿಲ್ಲವೆಂದು ನಂಬುವುದು ಹೇಗೆ? ಬಣ್ಣದ ಮೇಲೆ ತಾರತಮ್ಯ ಆಯಿತೆಂದು ದೂರುವವರು ಇದಕ್ಕೂ ಉತ್ತರ ಕೊಡಬೇಕು.

ಈ ಎಲ್ಲದರ ಒಳಗುದಿಯನ್ನು ಸಮಿತಿ ವರದಿಗಳಿಗಿಂತ ಚೆನ್ನಾಗಿ ಹಿಡಿದವರು ಕಾದಂಬರಿಕಾರರು. ಎಂ.ಜಿ. ವಾಸನ್‌ಜಿಯವರ 1991ರ ‘ನೋ ನ್ಯೂ ಲ್ಯಾಂಡ್’ ಪೂರ್ವ ಆಫ್ರಿಕಾದಿಂದ ಬಂದ ಭಾರತೀಯ ಮೂಲದವರು ಡಾನ್ ಮಿಲ್ಸ್‌ನ ಒಂದೇ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ತಮ್ಮ ಹಳೆಯ ಊರನ್ನೇ ಮರಳಿ ಕಟ್ಟಿಕೊಂಡ ಕಥೆ. 1975ರಲ್ಲಿ ಮುಂಬೈ ಬಿಟ್ಟು ಹೋದ ರೋಹಿಂಟನ್ ಮಿಸ್ತ್ರಿ ಟೊರಾಂಟೊದ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುತ್ತ ಬರೆಯತೊಡಗಿದರು. ಅವರ ಕಾದಂಬರಿಗಳೆಲ್ಲ ಮತ್ತೆ ಮುಂಬೈಗೇ ಹೋಗುತ್ತವೆ.

ಈ ಲೇಖನ ಓದುವವರ ಮನೆಗಳಲ್ಲಿ ಕೆನಡಾಕ್ಕೆ ಹೋಗುವ ಅರ್ಜಿಯ ಒಂದೋ ಎರಡೋ ಫೈಲುಗಳು ಈಗಲೇ ತಯಾರಾಗುತ್ತಿರಬಹುದು. ಅಂಥವರಲ್ಲಿ ಒಂದು ಕೋರಿಕೆ. ಹಬ್ಬದ ಫೋಟೊಗಳನ್ನು ನೋಡಿ ತೀರ್ಮಾನ ಮಾಡಬೇಡಿ. ಮಗ ಅಥವಾ ಮಗಳ ವೃತ್ತಿಗೆ ಅಲ್ಲಿ ಲೈಸೆನ್ಸ್ ಬೇಕೇ, ಬೇಕಾದರೆ ಯಾವ ಮಂಡಳಿ, ಯಾವ ಪರೀಕ್ಷೆ, ಎಷ್ಟು ವರ್ಷ, ಎಷ್ಟು ಖರ್ಚು ಎಂಬುದನ್ನು ಆ ಮಂಡಳಿಯ ಜಾಲತಾಣದಲ್ಲೇ ಓದಿ. ಓದಲು ಹೋಗುವವರಾದರೆ, ಆ ಕೋರ್ಸ್ ಮುಗಿಸಿದವರಿಗೆ ವರ್ಕ್ ಪರ್ಮಿಟ್ ಸಿಗುತ್ತದೆಯೇ ಎಂಬುದನ್ನು ಕೆನಡಾ ಸರ್ಕಾರದ ಪಟ್ಟಿಯಲ್ಲಿ ನೋಡಿ. ಸಾಲದ ಪತ್ರಕ್ಕೆ ಸಹಿ ಹಾಕುವುದು, ಏಜೆಂಟನಿಗೆ ಮುಂಗಡ ಕೊಡುವುದು ಅದಾದ ಮೇಲೆ.